ಬೇಡವೆಂದ ಪತ್ರಿಕೆಯೂ ಒಂದು ಕಿಟಕಿ ಸೀಟೂ

ಬೇಡ ಅಂದದ್ದೇ ಹುಡುಕಿಕೊಂಡು ಬರಬೇಕು ಅಂತ ನನ್ನ ಜಾತಕದಲ್ಲೇ ಬರೆದಿರಬೇಕು. ಗ್ಯಾಸ್ ಸಿಲಿಂಡರ್ ಬೇಕು ಅಂದ್ರೆ ಮೂರು ಸಲ ಫೋನ್ ಮಾಡಬೇಕು. ಯಾರೂ ಕೇಳದ ಪುಕ್ಕಟೆ ವಾರಪತ್ರಿಕೆ ಮಾತ್ರ ಪ್ರತಿ ಶುಕ್ರವಾರ, ಮಳೆ ಬರಲಿ, ಬಂದ್ ಆಗಲಿ, ಉರಿಗಾಂನ ಗಣಿ ಸಾಲುಮನೆಗಳ ಲೈನಿನಲ್ಲಿರೋ ನಮ್ಮ ಮನೆ ಬಾಗಿಲಿಗೆ ಬಂದು ಬೀಳುತ್ತೆ.

ನಾನು ದಿನಾ ಬೆಳಗಿನ ಟ್ರೈನಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಆಫೀಸಿನಲ್ಲಿ ಗುಮಾಸ್ತೆ ಕೆಲಸ ಮಾಡೋಳು. ಸರ್ವೀಸ್ ಇನ್ನೂ ನಾಲ್ಕು ವರ್ಷ ಇದೆ, ಮಂಡಿ ಮಾತ್ರ ಆಗಲೇ ರಿಟೈರ್ ಆಗಿದೆ. "ನಿಂತುಕೊಂಡು ಹೋಗೋ ಹಾಗಿದ್ರೆ ಕೆಲಸ ಬಿಟ್ಟುಬಿಡಿ" ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಆದ್ದರಿಂದ ಟ್ರೈನಿನಲ್ಲಿ ಸೀಟು ಸಿಕ್ಕರೆ ನನಗೆ ಕೆಲಸ, ಇಲ್ಲದಿದ್ದರೆ ಮನೆ. ಆ ಸೀಟಿಗೂ ಈ ಪತ್ರಿಕೆಗೂ ಏನು ಸಂಬಂಧ ಅಂತೀರಾ? ಹೇಳ್ತೀನಿ.

ಬೋರ್ಡು

ಪತ್ರಿಕೆಗೆ ನಾಲ್ಕೇ ಪುಟ. ಮೂರು ಪುಟದಲ್ಲಿ ಮುಖಂಡರಿಗೆ ಹುಟ್ಟುಹಬ್ಬದ ಶುಭಾಶಯ. ನಾಲ್ಕನೆಯದರಲ್ಲಿ ಶುಭಾಶಯ ಕೋರಿದವರಿಗೆ ಮುಖಂಡರ ಧನ್ಯವಾದ. ಸುದ್ದಿ ಎಲ್ಲಿ ಅಂತ ಭೂತಗನ್ನಡಿ ಹಿಡಿದು ಹುಡುಕಬೇಕು. ಸಂಪಾದಕರು, ವರದಿಗಾರರು, ಹಂಚೋರು ಎಲ್ಲಾ ಒಬ್ಬರೇ, ಒಂದೇ ಸ್ಕೂಟರಿನ ಮೇಲೆ.

ಒಂದಿನ ಅವರನ್ನ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದೆ. "ಸ್ವಾಮಿ, ನಮಗೆ ಬೇಡ."

"ದುಡ್ಡು ಕೇಳಿಲ್ಲವಲ್ಲ ಮೇಡಂ!"

"ಅದಕ್ಕಲ್ಲ, ನಾವು ಓದಲ್ಲ."

"ಓದಿ ಅಂತಲೂ ಕೇಳಿಲ್ಲವಲ್ಲ!"

ಸಿಟ್ಟು ನೆತ್ತಿಗೇರಿತು. ಒಂದು ತಗಡಿಗೆ 'ಇಲ್ಲಿ ಪತ್ರಿಕೆ ಹಾಕಬಾರದು' ಅಂತ ಬರೆಸಿ ಗೇಟಿಗೆ ಕಟ್ಟಿದೆ. ಶುಕ್ರವಾರ ನೋಡ್ತೀನಿ, ಪತ್ರಿಕೆ ತಗಡಿಗೂ ಗೇಟಿಗೂ ನಡುವೆ ನೀಟಾಗಿ ಸಿಕ್ಕಿಕೊಂಡಿದೆ. ಎದುರಿಗೆ ಸಿಕ್ಕಾಗ ಸಂಪಾದಕರು ಕೈ ಮುಗಿದರು. "ಒಳ್ಳೆ ಏರ್ಪಾಡು ಮಾಡಿದ್ರಿ ಮೇಡಂ, ಇನ್ನು ಪತ್ರಿಕೆ ಮಳೆಗೆ ನೆನೆಯಲ್ಲ."

ಆ ವಾರದಿಂದ ಲೈನಿನಲ್ಲಿ ಬೀಗ ಹಾಕಿದ್ದ ಏಳು ಮನೆಗಳ ಪ್ರತಿಗಳೂ ನಮ್ಮ ತಗಡಿನ ಹಿಂದೆಯೇ ಬಂದವು.

ಹಸುವಿನ ಅಭಿಪ್ರಾಯ

ವಾರಕ್ಕೆ ಎಂಟು ಪತ್ರಿಕೆ ಇಟ್ಟುಕೊಂಡು ಏನು ಮಾಡಲಿ? ರಾಬರ್ಟ್‌ಸನ್‌ಪೇಟೆಯ ಬೋಂಡಾ ಅಂಗಡಿಯವರಿಗೆ ಒಂದು ಕಟ್ಟು ಕೊಟ್ಟೆ. ಮಾರನೇ ದಿನವೇ ವಾಪಸ್ ಮಾಡಿದರು. "ಬೇಡಕ್ಕಾ. ಬಿಸಿ ಬೋಂಡಾ ಮೇಲೆ ಮುಖಂಡ್ರ ಮುಖ ಅಚ್ಚಾಗ್ತದೆ. ನಿನ್ನೆ ಒಬ್ರು, 'ನಮ್ಮಣ್ಣನ ಮುಖಕ್ಕೆ ಚಟ್ನಿ ಹಾಕ್ತೀಯಾ?' ಅಂತ ಜಗಳಕ್ಕೇ ಬಂದ್ರು."

ಬಂಗಾರಪೇಟೆ ಕಡೆ ಹಳ್ಳಿಯಿಂದ ಹಾಲು ತರೋ ಅಮ್ಮನಿಗೆ ಕೊಟ್ಟೆ. ಅವರ ಹಸು ಸಿಮೆಂಟ್ ಚೀಲವನ್ನೂ ಬಿಟ್ಟದ್ದಲ್ಲ. ಎರಡು ದಿನ ಬಿಟ್ಟು ಕಟ್ಟು ಹಾಗೇ ತಂದು ಜಗಲಿ ಮೇಲೆ ಇಟ್ಟರು.

"ಯಾಕಮ್ಮಾ, ತಿನ್ನಲಿಲ್ವಾ?"

"ಎಲ್ಲಿ ತಿಂತದಮ್ಮ! ಮೂಸ್ ನೋಡ್ತು, ಅಂಗೇ ಮಕ ತಿರುಗಿಸ್ಕೊಂಡು ಓಯ್ತು. ಪುಟದ ತುಂಬ ಕೈ ಮುಗ್ಕೊಂಡು ನಿಂತವ್ರಲ್ಲ, ಓಟು ಕೇಳಾಕ್ ಬಂದವ್ರೆ ಅಂದ್ಕೊಂಡಿರ್ಬೇಕು."

ಎರಡು ಕುರ್ಚಿ

ಕೊನೆಗೂ ಪತ್ರಿಕೆಗೆ ಒಂದು ಉಪಯೋಗ ಸಿಕ್ಕಿತು. ನಮ್ಮ ಟ್ರೈನಿನಲ್ಲಿ ಒಂದು ಕಾನೂನಿದೆ, ಅದನ್ನು ಯಾರೂ ಬರೆದಿಲ್ಲ, ಯಾರೂ ಮೀರಲ್ಲ. ಸೀಟಿನ ಮೇಲೆ ಕರ್ಚೀಫೋ ಪೇಪರೋ ಬಿದ್ದಿದ್ದರೆ ಆ ಸೀಟು ಹಾಕಿದವರದ್ದು. ಟ್ರೈನು ಹೊರಡೋ ಮಾರಿಕುಪ್ಪಂನಲ್ಲಿ ಹತ್ತೋ ಒಬ್ಬಳು ನರ್ಸಮ್ಮ ನನಗೆ ಸ್ನೇಹಿತೆ. ನಮ್ಮ ಮನೆಯಿಂದ ಒಂದು ಪತ್ರಿಕೆ ಒಯ್ದು ದಿನಾ ಕಿಟಕಿ ಸೀಟಿನ ಮೇಲೆ ಹಾಸಿಡ್ತಾಳೆ. ನಾನು ಉರಿಗಾಂನಲ್ಲಿ ಹತ್ತಿ ಕೂತ್ಕೊಳ್ತೀನಿ. ಹೀಗೆ ನನ್ನ ಕೆಲಸ ಉಳಿಯಿತು.

ಆದರೂ ಅದಕ್ಕೆ ಒಂದು ಸಾಕು, ಎಂಟು ಯಾಕೆ? ಮಂಡಿ ಹಿಡಿದುಕೊಂಡು ರಾಬರ್ಟ್‌ಸನ್‌ಪೇಟೆಯ ಪತ್ರಿಕೆ ಆಫೀಸಿನ ಮೆಟ್ಟಿಲು ಹತ್ತಿದೆ. ಸಂಪಾದಕರು ಗಂಭೀರವಾಗಿ ಕೇಳಿಸಿಕೊಂಡರು. "ಇದು ಸಂಪಾದಕರ ಕುರ್ಚಿ ಮೇಡಂ. ನಿಮ್ಮದು ವಿತರಣೆ ವಿಭಾಗಕ್ಕೆ ಬರುತ್ತೆ." ಎದ್ದು, ಮೇಜಿನ ಆ ಕಡೆ ಇದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ಹೇಳಿ, ಏನಾಗಬೇಕಿತ್ತು?" ಅಂದರು.

ಮತ್ತೆ ಮೊದಲಿಂದ ಹೇಳಿದೆ. ಅರ್ಜಿ ಬೇಕು ಅಂದರು, ಬರೆದೆ. ಪಾಸ್‌ಪೋರ್ಟ್ ಸೈಜ್ ಫೋಟೋ ಕೇಳಿದರು. ಪುಕ್ಕಟೆ ಪತ್ರಿಕೆ ಬೇಡ ಅನ್ನೋಕೆ ಫೋಟೋ ಯಾಕೆ ಅಂತ ಕೇಳಬೇಕಿತ್ತು. ಸರ್ಕಾರಿ ಆಫೀಸುಗಳಿಗೆ ಅಲೆದು ಅಭ್ಯಾಸ ನೋಡಿ, ಪರ್ಸಿನಿಂದ ತೆಗೆದು ಕೊಟ್ಟೇಬಿಟ್ಟೆ. ಇಳಿಯುವಾಗ ಬಾಯಿ ಸುಮ್ಮನಿರಲಿಲ್ಲ. "ಟ್ರೈನಿನಲ್ಲಿ ಮಾತ್ರ ನಿಮ್ಮ ಪತ್ರಿಕೆ ಬೇಕೇ ಬೇಕು ಸ್ವಾಮಿ, ಅದಿಲ್ಲದೆ ನನಗೆ ಆಗೋದೇ ಇಲ್ಲ" ಅಂತ ವ್ಯಂಗ್ಯವಾಗಿ ಚುಚ್ಚಿದೆ.

ಅವರ ಕಣ್ಣು ತುಂಬಿಬಂತು. ಎದ್ದು ಮತ್ತೆ ಸಂಪಾದಕರ ಕುರ್ಚಿಗೆ ಹೋಗಿ ಅದನ್ನು ಬರೆದುಕೊಂಡರು.

ಸೋಮವಾರ

ಆ ಶುಕ್ರವಾರ ಒಂದೇ ಒಂದು ಪತ್ರಿಕೆಯೂ ಬರಲಿಲ್ಲ. ಗೆದ್ದೆ ಅಂತ ಶ್ಯಾವಿಗೆ ಪಾಯಸ ಮಾಡಿದೆ.

ಸೋಮವಾರ ಉರಿಗಾಂನಲ್ಲಿ ಮಹಿಳಾ ಬೋಗಿ ಹತ್ತಿದರೆ, ಒಳಗಿರೋ ಹೆಂಗಸರೆಲ್ಲಾ ನಿಂತಿದ್ದಾರೆ. ಸೀಟುಗಳೆಲ್ಲಾ ಖಾಲಿ! ಒಂದೊಂದು ಸೀಟಿನ ಮೇಲೂ ಒಂದೊಂದು ಪತ್ರಿಕೆ. ಒಂದೊಂದು ಪತ್ರಿಕೆಯ ಮೊದಲ ಪುಟದಲ್ಲೂ ನನ್ನ ಮುಖ, ಎಮ್ಮೆಲ್ಲೆಗಳಿಗೆ ಹಾಕೋ ಸೈಜಿನಲ್ಲಿ. ಕೆಳಗೆ, 'ನಮ್ಮ ಪತ್ರಿಕೆ ಇಲ್ಲದೆ ಇವರು ಟ್ರೈನು ಹತ್ತುವುದಿಲ್ಲ!'

ನರ್ಸಮ್ಮ ಬಾಯಿ ಬಿಟ್ಟುಕೊಂಡು ನೋಡ್ತಿದ್ದಳು. "ಏನಕ್ಕಾ ಇದು! ಒಂದು ಸೀಟು ಹಿಡೀತಿದ್ದೋರು ಬೋಗಿಯನ್ನೇ ಹಿಡಿದುಬಿಟ್ರಾ?"

ಹಿಂದಿನಿಂದ ಒಬ್ಬರು ರೇಗಿದರು. "ಮಂಡಿ ನೋವು ಇರೋದು ನಿಮಗೊಬ್ರಿಗೆ ತಾನೇ? ನಮ್ಮನ್ನೆಲ್ಲಾ ಯಾಕ್ರೀ ನಿಲ್ಲಿಸಿದ್ದೀರಾ?"

"ನಾನು ಹಾಕಿದ್ದಲ್ಲ ಕಣ್ರಮ್ಮಾ!"

"ನೀವಲ್ದೆ ಮತ್ಯಾರು? ಫೋಟೋ ಸಮೇತ ಹಾಕಿದ್ದೀರಾ!"

ಅವಮಾನಕ್ಕೆ ಕಣ್ಣಲ್ಲಿ ನೀರೇ ಬಂತು. ಹಿಂದೆಮುಂದೆ ಯೋಚನೆ ಮಾಡದೆ ಕೂಗಿಬಿಟ್ಟೆ. "ಒಂದು ಸೀಟೂ ನನ್ನದಲ್ಲ! ಎಲ್ಲಾ ಕೂತ್ಕೊಳ್ರಮ್ಮಾ, ಕೂತ್ಕೊಳ್ಳಿ!"

ಬಾಯಿ ಮುಚ್ಚೋದ್ರೊಳಗೆ ಬೋಗಿ ಭರ್ತಿ. ನನ್ನ ಕಿಟಕಿ ಸೀಟಿನಲ್ಲಿ ರೇಗಿದವರೇ ಕೂತಿದ್ದರು. ನರ್ಸಮ್ಮ ಪಾಪ, "ಬನ್ನಿ ಅಕ್ಕಾ" ಅಂತ ತನ್ನ ಸೀಟು ಬಿಟ್ಟು ಎದ್ದಳು. ನಾನು ಮಂಡಿ ಎಳೆದುಕೊಂಡು ಅಲ್ಲಿಗೆ ಹೋಗೋದ್ರೊಳಗೆ ಅಲ್ಲೂ ಯಾರೋ ಕೂತರು.

ಕಂಬಿ ಹಿಡಿದುಕೊಂಡು ಬೆಂಗಳೂರಿನ ತನಕ ನಿಂತೆ. ಬೋಗಿಯವರೆಲ್ಲಾ ನನ್ನ ಮುಖದ ಮೇಲೆ ಆರಾಮಾಗಿ ಕೂತಿದ್ದರು.