ಬೀಗರು ಹಸಿರು, ನಾವು ಹಳದಿ

ಮನುಷ್ಯನಿಗೆ ಅನ್ನ, ಬಟ್ಟೆ, ಸೂರು ಬೇಕು ಎಂದು ಶಾಲೆಯಲ್ಲಿ ಹೇಳಿಕೊಡುತ್ತೇವೆ. ನನ್ನನ್ನು ಕೇಳಿದರೆ ಇನ್ನೂ ಒಂದು ಬೇಕು: ಮನಸಾರೆ ಜಗಳಾಡಲು ಒಬ್ಬ ಜೊತೆಗಾರ. ಹೆಂಡತಿ ಈ ಕೆಲಸಕ್ಕೆ ಆಗುವುದಿಲ್ಲ. ಅವಳ ಜೊತೆಗಿನ ಜಗಳದ ಫಲಿತಾಂಶ ಶುರುವಾಗುವ ಮೊದಲೇ ಗೊತ್ತಿರುತ್ತದೆ. ನೆರೆಮನೆಯವರೂ ಆಗುವುದಿಲ್ಲ, ನಾಳೆ ನಳಕ್ಕೆ ನೀರು ಬಿಟ್ಟಾಗ ಅದೇ ಮುಖ ನೋಡಬೇಕು. ಒಳ್ಳೆಯ ಜಗಳ ಎಂದರೆ ಗೆದ್ದವನಿಗೆ ಏನೂ ಸಿಗಬಾರದು, ಸೋತವನಿಗೆ ಏನೂ ಹೋಗಬಾರದು, ಆದರೂ ಇಬ್ಬರಿಗೂ ಅಂದು ಎರಡು ರೊಟ್ಟಿ ಹೆಚ್ಚಿಗೆ ಸೇರಬೇಕು. ಅಂಥ ಜಗಳದ ಭಾಗ್ಯ ನನಗೆ ಬಂದದ್ದು ತಲೆ ನರೆತ ಮೇಲೆ, ಮಗಳ ಮದುವೆಯಲ್ಲಿ, ಬೀಗರ ರೂಪದಲ್ಲಿ.

ನಾನು ಬೆಳಗಾವಿಯ ಮಹಾಂತೇಶ ನಗರದಲ್ಲಿರುವ ಒಬ್ಬ ಗಣಿತದ ಮೇಷ್ಟ್ರು. ನನಗಿರುವ ಚಟ ಒಂದೇ, ಅಮೇರಿಕಾದ ಬಾಸ್ಕೆಟ್‌ಬಾಲ್ ನೋಡುವುದು. ಚಿಕ್ಕವನಿದ್ದಾಗ ಕ್ಯಾಂಪಿನ ಕಡೆ ಸೈನಿಕರು ಸಂಜೆ ಆಡುತ್ತಿದ್ದುದನ್ನು ತಂತಿ ಬೇಲಿಗೆ ಮೂಗು ಒತ್ತಿ ನೋಡುತ್ತಿದ್ದೆ. ಮೂಗಿನ ಮೇಲೆ ಬೇಲಿಯ ಗುರುತು ಬೀಳುತ್ತಿತ್ತೇ ಹೊರತು ಕೈಗೆ ಚೆಂಡು ಸಿಕ್ಕಿದ್ದಿಲ್ಲ. ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ ಅನ್ನಿ, ನನ್ನ ಎತ್ತರ ನೋಡಿದವರು ‘ಕ್ಯಾರಮ್ ಆಡ್ತೀರೇನ್ರಿ?’ ಎಂದು ಕೇಳುತ್ತಾರೆ. ಮುಂದೆ ಟಿವಿಯಲ್ಲಿ ಅಮೇರಿಕಾದ ಪಂದ್ಯಗಳು ಬರತೊಡಗಿದಾಗ ಬೇಲಿಯಿಲ್ಲದೆ ನೋಡುವ ಸುಖ ಸಿಕ್ಕಿತು. ಅವರ ರಾತ್ರಿ ನಮಗೆ ಬೆಳಗು. ಹೀಗಾಗಿ ನಮ್ಮ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಹಾಲು ಉಕ್ಕುವುದು ಪಂದ್ಯದ ಕೊನೆಯ ನಿಮಿಷದಲ್ಲೇ. ಗ್ಯಾಸ್ ಕಟ್ಟೆ ಒರೆಸುವ ಕೆಲಸ ಕಾಯಂ ಆಗಿ ನನ್ನದಾಗಿದೆ.

ಆ ದೇಶದಲ್ಲಿ ಎರಡು ತಂಡಗಳಿವೆ. ಒಂದು ಪೂರ್ವ ಕರಾವಳಿಯ ಹಸಿರು ಅಂಗಿಯವರು, ಇನ್ನೊಂದು ಪಶ್ಚಿಮ ಕರಾವಳಿಯ ಹಳದಿ ಅಂಗಿಯವರು. ನಾನು ಹುಟ್ಟುವ ಮೊದಲೇ ಶುರುವಾದ ಅವರ ಹಗೆತನ ನಾನು ನಿವೃತ್ತನಾದ ಮೇಲೂ ಮುಗಿಯುವಂತಿಲ್ಲ. ನಾನು ಹಳದಿ. ಯಾಕೆ ಎಂದು ಕೇಳಬೇಡಿ. ಮೊದಲ ಬಾರಿ ಟಿವಿ ಹಚ್ಚಿದಾಗ ಅವರು ಗೆಲ್ಲುತ್ತಿದ್ದರು, ಅಷ್ಟೇ ಕಾರಣ. ಇಲ್ಲಿ ಯಾವ ಆಟಗಾರನ ಹೆಸರನ್ನೂ ನಾನು ಬರೆಯುವುದಿಲ್ಲ. ಬರೆದರೆ ನಮ್ಮ ಬೀಗರು ಓದುತ್ತಾರೆ, ಓದಿದರೆ ಫೋನು ಮಾಡುತ್ತಾರೆ, ಮಾಡಿದರೆ ಅಂದಿನ ದಿನ ಹೋಯಿತು.

ಬೀಗರ ಹೆಸರು ಈರಪ್ಪ. ಖಾನಾಪುರದಲ್ಲಿ ಹೆಂಚಿನ ವ್ಯಾಪಾರ. ಆಳು ಎತ್ತರ, ದನಿ ಅದಕ್ಕಿಂತ ಎತ್ತರ. ತಮ್ಮ ಮಗ ಮಹೇಶನಿಗೆ ನಮ್ಮ ಪಲ್ಲವಿಯನ್ನು ನೋಡಲು ಬಂದ ದಿನ, ಅವಳು ಎಲ್ಲರಿಗೂ ಅವಲಕ್ಕಿ ಕೊಡುತ್ತಿದ್ದಾಗ ನನ್ನ ಫೋನು ಗುಣುಗುಟ್ಟಿತು. ನಾನು ಕದ್ದು ಸ್ಕೋರು ನೋಡಿದೆ. ತಲೆ ಎತ್ತಿದರೆ ಈರಪ್ಪನವರೂ ಕತ್ತು ಚಾಚಿ ಅದನ್ನೇ ನೋಡುತ್ತಿದ್ದಾರೆ. ‘ನೀವೂ ನೋಡ್ತೀರೇನ್ರಿ?’ ಎಂದು ಅವರ ಮುಖ ಅರಳಿತು. ‘ಯಾರ ಕಡೀ?’ ‘ಹಳದಿ’ ಎಂದೆ. ಅರಳಿದ ಮುಖ ಹಾಗೇ ಮುದುಡಿತು. ‘ಹುಡುಗಿ ಅಂತೂ ಚಲೋ ಐತಿ’ ಎಂದರು ನಿಟ್ಟುಸಿರು ಬಿಟ್ಟು. ಮದುವೆ ನಿಂತಿತು ಎಂದೇ ನಾನು ತಿಳಿದಿದ್ದೆ. ಆದರೆ ಮರುದಿನವೇ ಅವರು ‘ಹುಡುಗಿ ಪಸಂದ’ ಎಂದು ಹೇಳಿ ಕಳಿಸಿದರು. ಬೇರೆ ಮನೆಯಲ್ಲಿ ಸಂಬಂಧ ಮಾಡಿದರೆ ಜಗಳ ಯಾರ ಜೊತೆ ಆಡುವುದು ಎಂದು ಅವರಿಗೂ ಅನ್ನಿಸಿರಬೇಕು.

ನಮ್ಮ ಕಡೆ ಕಾರ್ಯವೆಂದರೆ ಆಹೇರಿ ಇರಲೇಬೇಕು. ಬೀಗರು ಬೀಗರಿಗೆ ಬಟ್ಟೆ ಕೊಡುವ ಈ ಪದ್ಧತಿಯಲ್ಲಿ ಒಂದು ಕಟ್ಟುನಿಟ್ಟು ಇದೆ: ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ, ಒಳಗೆ ಹೋಗಿ ಉಟ್ಟು ತೊಟ್ಟು ಎಲ್ಲರೆದುರು ಬಂದು ಕೂರಬೇಕು. ಮದುವೆಯಲ್ಲಿ ಈರಪ್ಪನವರು ಕೊಟ್ಟ ಪೊಟ್ಟಣ ಬಿಚ್ಚಿದೆ, ಗಿಳಿಹಸಿರು ಅಂಗಿ! ನಾನು ತೊಡಲೇಬೇಕಾಯಿತು. ಅವರು ಮಂಟಪದ ತುಂಬ ನನ್ನ ಕೈ ಹಿಡಿದು ತಿರುಗಿಸಿ ‘ನಮ್ಮ ಬೀಗರು’ ಎಂದು ಎಲ್ಲರಿಗೂ ತೋರಿಸಿದರು. ಅಳಿಯನ ಮೊದಲ ದೀಪಾವಳಿಗೆ ಅವರು ನಮ್ಮ ಮನೆಗೆ ಬಂದಾಗ ನಾನೂ ಬಿಡಲಿಲ್ಲ. ಚೆಂಡುಹೂವಿನ ಬಣ್ಣದ ಅಂಗಿ ತೊಟ್ಟು ಆ ಎತ್ತರದ ಮನುಷ್ಯ ನಮ್ಮ ಓಣಿಯಲ್ಲಿ ನಡೆದು ಹೋದದ್ದನ್ನು ನೆನೆದರೆ ಇಂದಿಗೂ ಹಾಯೆನಿಸುತ್ತದೆ.

ಯಾವ ತಂಡ ದೊಡ್ಡದು ಎಂಬ ಜಗಳಕ್ಕೆ ಒಂದು ಮಿತಿ ಇದೆ, ಯಾಕೆಂದರೆ ಗೆದ್ದ ಕಪ್‌ಗಳನ್ನು ಎಣಿಸಬಹುದು. ಎಣಿಸಲಾಗದ ಜಗಳ ಎಂದರೆ ಯಾರಿಗೆ ಸಿಗಬೇಕಾದ ಹೆಸರು ಸಿಗಲಿಲ್ಲ ಎಂಬುದು. ನಮ್ಮ ಹಳದಿ ತಂಡದಲ್ಲಿ ಹಿಂದೆ ಒಬ್ಬನಿದ್ದ. ಬುಟ್ಟಿ ಎದುರಿಗೇ ಇದ್ದರೂ ಪಕ್ಕದವನಿಗೆ ಇನ್ನೂ ಒಳ್ಳೆಯ ಜಾಗ ಸಿಕ್ಕಿದ್ದರೆ ಚೆಂಡು ಅವನಿಗೆ ಕೊಟ್ಟುಬಿಡುತ್ತಿದ್ದ. ಚಪ್ಪಾಳೆ ಪಕ್ಕದವನಿಗೆ ಬೀಳುತ್ತಿತ್ತು, ಇವನು ಬೆವರು ಒರೆಸಿಕೊಂಡು ಹಿಂದೆ ಓಡುತ್ತಿದ್ದ. ಆಟದ ತಿರುಳೇ ಅದು ಎನ್ನುವುದು ನನ್ನ ಸಿದ್ಧಾಂತ. ಗೆಲ್ಲುವ ಅವಕಾಶ ಕೈಯಲ್ಲಿದ್ದಾಗ ಇನ್ನೊಬ್ಬನಿಗೆ ಬಿಟ್ಟುಕೊಡುವವನೇ ದೊಡ್ಡವನು ಎಂದು ನಾನು ತರಗತಿಯಲ್ಲಿ, ಸ್ಟಾಫ್ ರೂಮಿನಲ್ಲಿ, ತರಕಾರಿ ಅಂಗಡಿಯಲ್ಲಿ ಕೂಡ ಭಾಷಣ ಮಾಡಿದ್ದೇನೆ. ಈರಪ್ಪನವರು ಒಪ್ಪುವುದಿಲ್ಲ. ‘ಎದುರಿಗೆ ಬುಟ್ಟಿ ಇದ್ದಾಗ ಹಾಕದಾಂವ ಎಂಥಾ ಆಟಗಾರ್ರಿ? ನಮ್ಮ ಹಸರಿನಾಂವನ್ನ ನೋಡ್ರಿ, ಒಂದ್ ಚೆಂಡಿನ ಸಲುವಾಗಿ ನೆಲಕ್ಕ ಬಿದ್ದು ಮೊಣಕಾಲು ತರಚ್ಕೊಂತಿದ್ದ. ಅವನ ಹೆಸರು ಯಾರರ ತಗೀತಾರೇನು?’ ಎಂದು ತಮ್ಮದೇ ಮಗ ಬಿದ್ದಂತೆ ಕಣ್ಣು ತೇವ ಮಾಡಿಕೊಳ್ಳುತ್ತಾರೆ. ಇಬ್ಬರೂ ಸೇರಿದರೆ ಊಟ ಆರಿಹೋಗುತ್ತದೆ, ಬಸ್ಸು ತಪ್ಪುತ್ತದೆ.

ಹೀಗಿರುವಾಗ ಪಲ್ಲವಿಗೆ ಕುಬಸದ ದಿನ ಗೊತ್ತಾಯಿತು. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ತರತರದ ಬುತ್ತಿ ಒಯ್ದು ಗಂಡನ ಮನೆಯಲ್ಲಿ ಮಾಡುವ ಕಾರ್ಯ ಅದು. ಸಂತೋಷದಿಂದ ತೇಲುತ್ತಿದ್ದ ನನಗೆ ಮಗಳ ಫೋನು ಬಂತು.

‘ಅಪ್ಪಾ, ನನ್ನ ಲಗ್ನದ ಆಲ್ಬಮ್ ನೋಡೀಯಿಲ್ಲ? ಅಕ್ಕಿಕಾಳು ಹಾಕೂ ಫೋಟೋದಾಗ ನೀನೂ ಮಾವಾರೂ ಬೊಟ್ಟ ಮಾಡಿ ಜಗಳಾಡಾಕ ಹತ್ತೀರಿ. ನಾನೂ ನಮ್ಮನಿಯವರೂ ಹಿಂದ ಮಬ್ಬಾಗಿ ನಿಂತೀವಿ. ನನ್ನ ಕುಬಸದಾಗ ಚೆಂಡಿನ ಸುದ್ದಿ ಒಂದ್ ಮಾತು ಬಂದ್ರೂ ನಾ ಮಣಿ ಮ್ಯಾಲಿಂದ ಎದ್ದು ಹೋಗ್ತೀನಿ. ಮಾವಾರಿಗೂ ಹೇಳೇನಿ. ಅವರು ಹೂಂ ಅಂದಾರ.’

ನಾನೂ ಹೂಂ ಅಂದೆ. ಒಂದೇ ದಿನದ ಮಾತು, ಮಗಳ ಜೀವನದಲ್ಲಿ ಮತ್ತೆ ಬಾರದ ದಿನ. ಅದನ್ನು ಕೆಡಿಸಿದರೆ ನಾನೆಂಥ ಅಪ್ಪ? ಆದರೆ ಸೀರೆ ಅಂಗಡಿಯಲ್ಲಿ ಹೆಂಡತಿ ಶೈಲಾ ಹಸಿರು ಸೀರೆಗಳ ರಾಶಿ ಹಾಕಿಸಿಕೊಂಡು ಕೂತಾಗ ನನ್ನ ಕೈ ತಾನಾಗಿ ಹಳದಿ ಅಂಚಿನ ಸೀರೆಯ ಕಡೆ ಹೋಯಿತು. ಮಾತಾಡಬೇಡ ಎಂದಿದ್ದಾಳೆ, ಅಂಚಿನ ಬಗ್ಗೆ ಏನೂ ಹೇಳಿಲ್ಲವಲ್ಲ. ಬೀಗರ ಆಹೇರಿಯ ಅಂಗಿಯನ್ನೂ ನಾನೇ ಆರಿಸಿದೆ.

ಕುಬಸದ ದಿನ ಟೆಂಪೋ ತುಂಬ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಕಡಬು ಹೇರಿಕೊಂಡು ಖಾನಾಪುರಕ್ಕೆ ಹೋದೆವು. ಈರಪ್ಪನವರು ಬಾಗಿಲಿಗೆ ಬಂದು ‘ಬರ್ರಿ ಬೀಗರ, ಕುಂದರ್ರಿ’ ಎಂದರು. ಕುಂತೆ. ‘ಆರಾಮ?’ ಎಂದರು. ‘ಆರಾಮ’ ಎಂದೆ. ಅಲ್ಲಿಗೆ ಮಾತು ಮುಗಿಯಿತು. ಇಷ್ಟು ದಿನ ಬೀಗರಾಗಿದ್ದರೂ ಬೇರೆ ಏನು ಮಾತಾಡುವುದು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಹೆಂಚಿನ ಧಾರಣೆ ಕೇಳೋಣ ಎಂದುಕೊಂಡೆ, ನಮ್ಮ ಮನೆಯದು ಆರ್‌ಸಿಸಿ. ಅವರು ನನ್ನ ಕೈಯಲ್ಲಿದ್ದ ಸೀರೆಯ ಅಂಚು ನೋಡಿದರು, ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡರು. ಸೋಫಾದ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು, ತಲೆಯ ಮೇಲೆ ಫ್ಯಾನು. ಇಬ್ಬರೂ ಫ್ಯಾನು ನೋಡುತ್ತ ಕೂತೆವು.

ಈ ಮೌನವನ್ನು ನಮ್ಮ ಬಳಗ ಎಂದೂ ಕಂಡಿರಲಿಲ್ಲ. ಮದುವೆಯಲ್ಲಿ ಗಂಟಲು ಹರಿದುಕೊಂಡ ಬೀಗರು ಇಂದು ಬಾಯಿ ಬಿಡುತ್ತಿಲ್ಲ ಎಂದರೆ ಏನೋ ಆಗಿದೆ! ಅಡುಗೆಮನೆಯಲ್ಲಿ ‘ಬಂಗಾರದಾಗ ಏನೋ ಕಡಿಮಿ ಬಿದ್ದೈತಂತ’ ಎಂದು ಶುರುವಾದ ಮಾತು ಪಡಸಾಲೆಗೆ ಬರುವಷ್ಟರಲ್ಲಿ ‘ಸೊಸಿಗೆ ತ್ರಾಸ ಐತಂತ’ ಎಂದಾಯಿತು. ಅಂಗಳ ದಾಟುವಾಗ ‘ಮೇಷ್ಟ್ರು ಮಗಳನ್ನ ಕಾಯಂ ಕರ್ಕೊಂಡು ಹೋಗಾಕ ಬಂದಾರ’ ಎಂಬಲ್ಲಿಗೆ ಮುಟ್ಟಿತು. ನನ್ನ ಹೆಂಡತಿ ಕಣ್ಣೊರೆಸುತ್ತ ಹೊರಬಂದಳು. ಅವಳ ಹಿಂದೆ ಬೀಗಿತ್ತಿಯೂ ಸೆರಗು ಬಾಯಿಗೆ ಹಿಡಿದು ಬಂದರು. ಮಣೆಯ ಮೇಲೆ ನಾವು ತಂದ ಹಸಿರು ಸೀರೆ ಉಟ್ಟು ಕೂತ ಪಲ್ಲವಿಯ ಸುತ್ತ ಹಾಡಬೇಕಾದ ಹೆಂಗಸರು ಪಿಸುಗುಟ್ಟುತ್ತಿದ್ದರು. ಆರತಿಯ ದೀಪ ಹಚ್ಚಿಟ್ಟದ್ದು ಹಾಗೇ ಉರಿಯುತ್ತಿತ್ತು, ಎತ್ತುವವರಿಲ್ಲ. ಮಗಳ ಮುಖದಲ್ಲಿದ್ದ ನಗು ಸಣ್ಣಗಾಗುತ್ತ ಬಂತು. ಒಳ್ಳೆಯದಾಗಲಿ ಎಂದು ಬಾಯಿ ಮುಚ್ಚಿ ಕೂತರೆ ಅದರಿಂದಲೇ ಕಾರ್ಯ ಕೆಡುತ್ತಿತ್ತು.

ಆಗ ಬೀಡಿ ಎಂಬ ಊರಿನಿಂದ ಬಂದಿದ್ದ ಈರಪ್ಪನವರ ಸೋದರತ್ತೆ ನೀಲವ್ವ, ಆ ಮನೆಗೇ ಹಿರಿಯರು, ಬಂದು ಸೋಫಾದ ನಟ್ಟನಡುವೆ ಕೂತರು.

‘ಏನ್ ನಡದೈತಿ ಖರೇ ಹೇಳ್ರಿ. ಬಂಗಾರ ಕಡಿಮಿ ಆತೇನು?’

‘ಇಲ್ರಿ ಎವ್ವಾ’ ಎಂದೆ.

‘ಲಗ್ನದಾಗ ಆಹೇರಿ ಮನಸಿಗೆ ಬರಲಿಲ್ಲೇನು?’

‘ಇಲ್ಲ ಅತ್ತಿ’ ಎಂದರು ಈರಪ್ಪನವರು.

‘ಹಂಗಾರ ಒಬ್ಬರಿಗೊಬ್ಬರು ಯಾಕ ಮಾತಾಡವಲ್ರಿ?’

ಏನು ಹೇಳುವುದು? ಕಾರಣ ಹೇಳಬೇಕಾದರೂ ಚೆಂಡಿನ ಸುದ್ದಿ ಎತ್ತಬೇಕು, ಎತ್ತಿದರೆ ಮಗಳು ಎದ್ದು ಹೋಗುತ್ತಾಳೆ. ಇಬ್ಬರೂ ಒಟ್ಟಿಗೆ ಪಲ್ಲವಿಯ ಕಡೆ ನೋಡಿದೆವು. ನೀಲವ್ವ ಅದನ್ನೇ ಹಿಡಿದರು. ‘ಓಹೋ, ಹುಡುಗೀನ ಏನರ ಅಂದಾಳೇನು?’

ಪಲ್ಲವಿ ಕೈ ಮುಗಿದುಬಿಟ್ಟಳು. ‘ಅಯ್ಯ ಎವ್ವಾ! ಅಪ್ಪಾ, ಮಾವಾರ, ತಪ್ಪಾತ್ರಿ, ಮಾತಾಡ್ರಿ! ಅದನ್ನ ಮಾತಾಡ್ರಿ!’

ಆಕೆಯ ಮಾತು ಮುಗಿಯುವುದಕ್ಕೂ ಬಿಡದೆ ಈರಪ್ಪನವರು ಗುಡುಗಿದರು. ‘ಆ ಸೀರಿ ಅಂಚು ಹಳದಿ ಯಾಕೈತ್ರಿ?’ ಮುಂಜಾನೆಯಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಅದು. ನನಗೂ ತಡೆಯಲಾಗಲಿಲ್ಲ. ಕರ್ಚಿಕಾಯಿಯನ್ನೇ ಚೆಂಡು ಮಾಡಿ, ನಮ್ಮವನು ಅದನ್ನು ಪಕ್ಕದವನಿಗೆ ಹೇಗೆ ದಾಟಿಸುತ್ತಿದ್ದ ಎಂದು ನೀಲವ್ವನ ಕೈಗೆ ಕೊಟ್ಟು ತೋರಿಸಿದೆ. ಈರಪ್ಪನವರು ತಮ್ಮವನು ನೆಲಕ್ಕೆ ಬೀಳುತ್ತಿದ್ದುದನ್ನು ತೋರಿಸಲು ಚಾಪೆಯ ಮೇಲೆ ಮೊಣಕಾಲೂರಿಯೇ ಬಿಟ್ಟರು. ನೀಲವ್ವ ಎಲ್ಲವನ್ನೂ ಗಂಭೀರವಾಗಿ ಕೇಳಿದರು.

‘ಆಡಾವರು ನಮ್ಮ ಪೈಕಿಯವರೇನು?’

‘ಅಲ್ರಿ, ಅಮೇರಿಕಾದವರು.’

‘ಅವರಿಗೆ ನಿಮ್ಮ ಗುರ್ತು ಐತೇನು?’

‘ಇಲ್ರಿ.’

‘ಮತ್ತ?’

ನೀಲವ್ವ ಕರ್ಚಿಕಾಯಿಯನ್ನು ಬಾಯಿಗೆ ಹಾಕಿಕೊಂಡು ‘ಆರತಿ ಎತ್ತ್ರಿ, ಹಾಡ ಹೇಳ್ರೇ’ ಎಂದರು. ಒಬ್ಬರು ನಕ್ಕರು, ಆಮೇಲೆ ಮನೆಯೇ ನಕ್ಕಿತು. ಅಷ್ಟು ಜೋರಾದ ಸೋಬಾನೆ ಹಾಡನ್ನು ನಾನು ಬೇರೆ ಯಾವ ಕಾರ್ಯದಲ್ಲೂ ಕೇಳಿಲ್ಲ. ಪಲ್ಲವಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಾಗ ಎರಡೂ ಕಡೆಯ ಹೆಂಗಸರು ಗಾಬರಿಯಾಗಿ ನೀರು ತಂದರು.

ಕೊನೆಗೆ ಆಹೇರಿ. ಈರಪ್ಪನವರು ಕೊಟ್ಟ ಪೊಟ್ಟಣವನ್ನು ನಾನು ಇನ್ನೊಂದು ಗಿಳಿಹಸಿರಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಬಿಚ್ಚಿದೆ. ಒಳಗಿದ್ದದ್ದು ಹಳದಿ. ನಮ್ಮ ತಂಡದ ಹಳದಿಯೇ, ಕೂದಲೆಳೆಯಷ್ಟೂ ಫರಕಿಲ್ಲ.

‘ಮಮ್ಮಗ ಬರ್ಲಿ ಮಮ್ಮಗಳ ಬರ್ಲಿ, ಇಬ್ಬರ ಮನಿದೂ ಹೌದಲ್ರಿ’ ಎಂದರು ಈರಪ್ಪನವರು ನಾಚುತ್ತ. ‘ನಿಮಗ ಇದ ಛಂದ ಒಪ್ತೈತಿ. ಬೆಳಗಾವ್ಯಾಗ ಅಂಗಡಿ ಅಂಗಡಿ ತಿರುಗಿ ತಂದೀನಿ.’

ನನ್ನ ಎದೆ ತುಂಬಿ ಬಂತು. ಅದರ ಬೆನ್ನಿಗೇ ಧಸಕ್ಕೆಂದಿತು. ಅವರಿಗೆಂದು ನಾನು ತಂದ ಪೊಟ್ಟಣವನ್ನು ಶೈಲಾ ಆಗಲೇ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿ ಅವರ ಮುಂದೆ ಹಿಡಿದಿದ್ದಳು. ಅದರೊಳಗೂ ಹಳದಿಯೇ ಇತ್ತು, ಅಂಗಡಿಯಲ್ಲಿದ್ದ ಹಳದಿಗಳಲ್ಲೆಲ್ಲ ಕಣ್ಣು ಕುಕ್ಕುವ ಹಳದಿ. ಬೇಡ ಎಂದು ಕಸಿದುಕೊಳ್ಳುವಂತಿರಲಿಲ್ಲ. ಅವರು ಬಿಚ್ಚಿ ನೋಡಿದರು. ನನ್ನನ್ನು ನೋಡಿದರು. ಒಳಗೆ ಹೋಗಿ ತೊಟ್ಟುಕೊಂಡೇ ಬಂದರು. ಫೋಟೋಕ್ಕೆ ಪಕ್ಕಪಕ್ಕ ನಿಂತಾಗ ನನ್ನ ಕಿವಿಯಲ್ಲಿ ಹೇಳಿದರು: ‘ಬೀಗರ, ನಾ ಚೆಂಡು ನಿಮ್ಮ ಕೈಯಾಗ ಕೊಟ್ಟೆ. ನೀವು ಬುಟ್ಟಿಗೆ ಹಾಕಿದ್ರಿ.’ ಹೇಳಿ, ಗುಡುಗಿನಂತೆ ನಕ್ಕರು.

ಆ ಫೋಟೋ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಈ ಸಲ ಪಲ್ಲವಿ ಮುಂದೆ, ಸ್ಪಷ್ಟವಾಗಿ. ಹಿಂದೆ ಇಬ್ಬರು ಹಳದಿ ಬೀಗರು. ಬಂದವರೆಲ್ಲ ‘ಇಬ್ಬರೂ ಒಂದ ಪಾರ್ಟಿಯವರೇನ್ರಿ?’ ಎಂದು ಕೇಳುತ್ತಾರೆ. ಬಿಟ್ಟುಕೊಡುವವನೇ ದೊಡ್ಡವನು ಎಂಬ ನನ್ನ ಭಾಷಣ ಆ ದಿನದಿಂದ ನಿಂತಿದೆ. ಮಾಡಲು ಹೋದರೆ ಗೋಡೆಯ ಮೇಲಿಂದ ಈರಪ್ಪನವರು ನೋಡುತ್ತಾರೆ. ಹೆಸರು ಸಿಗಬೇಕಾಗಿದ್ದೂ ಸಿಗದವರು ಯಾರು ಎಂದು ಈಗ ಯಾರಾದರೂ ಕೇಳಿದರೆ ನನಗೆ ಖಾನಾಪುರದ ಹೆಂಚಿನ ವ್ಯಾಪಾರಿಯೊಬ್ಬರು ನೆನಪಾಗುತ್ತಾರೆ. ಅವರ ಮುಂದೆ ಮಾತ್ರ ಇದನ್ನು ಬಾಯಿಬಿಟ್ಟು ಹೇಳಿಲ್ಲ.

ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಹತ್ತಿರ ಬಂದಿದೆ. ಈ ಸಲ ಅಂಗಡಿಗೆ ನಾನೊಬ್ಬನೇ ಹೋಗಿ, ಬೀಗರಿಗೆಂದು ಹಸಿರು ಅಂಗಿ ತಂದಿದ್ದೇನೆ. ಅಪ್ಪಟ ಹಸಿರು, ಅವರ ತಂಡದ ಹಸಿರು. ಮನಸ್ಸು ಎಷ್ಟು ಹಗುರಾಯಿತೆಂದರೆ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತ ಬಂದೆ. ಶೈಲಾ ಪೊಟ್ಟಣ ಬಿಚ್ಚಿ, ಅಂಗಿಯನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡಿದಳು.

‘ಅಂಗಿ ಹಸರು ಖರೇ’ ಎಂದಳು. ‘ಗುಂಡಿ ಯಾಕ ಹಳದಿ ಅದಾವು?’