ಹಲ್ಲಿ ಹಿಡಿಯುವ ಕಾಕು

ನನ್ನ ವಾರಗಿತ್ತಿಯನ್ನು ಮಾಡುವಾಗ ದೇವರು ಹೇಸಿಗೆ ಎಂಬುದನ್ನು ಹಾಕಲು ಮರೆತಿದ್ದಾನೆ! ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದಿರಾ? ಹೌದು, ಹೊಟ್ಟೆಕಿಚ್ಚಿಗೇ ಹೇಳುತ್ತಿದ್ದೇನೆ.

ನನ್ನ ಮೈದುನನನ್ನು ಮದುವೆಯಾಗಿ ವಿಜಯಪುರದಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದವಳು. ಅವಳ ಬಾಗಿಲು ನಮ್ಮ ಬಾಗಿಲಿಗೆ ಎದುರು. ಜಿರಳೆಯನ್ನು ಮೀಸೆ ಹಿಡಿದು ಎತ್ತುತ್ತಾಳೆ, ಹಲ್ಲಿಯನ್ನು ಬರಿಗೈಯಲ್ಲಿ! ಮಳೆಗಾಲದಲ್ಲಿ ಕೆಳಮನೆಯ ಬಾತ್‌ರೂಮಿಗೆ ಹೆಗ್ಗಣ ನುಗ್ಗಿದಾಗ ಎಲ್ಲರೂ ಸ್ಟೂಲು ಹತ್ತಿದ್ದರು. ಇವಳು ಅದರ ಮೇಲೆ ಬಕೆಟ್ ಕವುಚಿ, ಬಕೆಟಿನ ಮೇಲೆ ತಾನು ಕೂತು ಚಹಾ ಕೇಳಿದಳು. "ವಹಿನಿ, ತುಮ್ಹಿ ಗ್ರೇಟ್!" ಅಂದರು ಸೊಸೈಟಿ ಸೆಕ್ರೆಟರಿ. ಇಡೀ ವಿಂಗಿಗೆ ನಾನು ಮೋದಕ ಮಾಡಿ ಹಂಚಿದಾಗ ಒಬ್ಬರಾದರೂ ಗ್ರೇಟ್ ಅಂದರೇ?

ನನಗೋ ಹಲ್ಲಿಯೆಂದರೆ ಜೀವ ಹಾರುತ್ತದೆ. "ಅದು ಹೆದರಿಕಿ ಅಲ್ರೀ ಅಕ್ಕಾ, ಹೇಸಿಗಿ. ಹುಲಿಗೆ ಅಂಜೋದು ಹೆದರಿಕಿ. ಹಲ್ಲಿ ನಿಮಗೇನ್ ಮಾಡ್ತದ?" ಎಂದು ನನಗೇ ಪಾಠ! ಆ ಹೊತ್ತಿಗೇ ಗೋಡೆಯ ಹಲ್ಲಿ ಲೊಚಗುಟ್ಟಬೇಕೇ? ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಖರೆ ಎಂದು ನಮ್ಮವರ ನಂಬಿಕೆ. ಅವಳು "ಕೃಷ್ಣ ಕೃಷ್ಣ" ಎನ್ನುತ್ತ ಬೆರಳಿನಿಂದ ನೆಲ ಬಡಿದಳು. ಹಲ್ಲಿಯೂ ಅವಳ ಪಾರ್ಟಿ!

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ನನ್ನ ಮಗಳ ಕೂಗು. ಹಲ್ಲಿ ಕಂಡರೆ ಪಕ್ಕದಲ್ಲೇ ನಿಂತ ನನ್ನನ್ನು ದಾಟಿ ಎದುರುಮನೆಗೆ ಓಡುತ್ತಾಳೆ. "ಕಾಕೂ! ಪಾಲ್ ಆಲೀ!" ಮಗಳ ಮರಾಠಿಯಲ್ಲಿ ಕಾಕು ಎಂದರೆ ಚಿಕ್ಕಮ್ಮ, ಪಾಲ್ ಎಂದರೆ ಹಲ್ಲಿ. ಹೆತ್ತವಳು ನಾನು, ಕೂಗು ಅವಳಿಗೆ! ಅವಳು ಬರುತ್ತಾಳೆ, ಹಲ್ಲಿಯನ್ನು ಹಿಡಿದು ಕಿಟಕಿಯಾಚೆ ಬಿಡುತ್ತಾಳೆ, ಒಂದು ಮಾತೂ ಆಡದೆ ಸರಸರನೆ ಹೋಗಿ ತನ್ನ ಬಾಗಿಲು ಹಾಕಿಕೊಳ್ಳುತ್ತಾಳೆ. ಎಷ್ಟು ಜಂಬ ನೋಡಿ!

ಮೊನ್ನೆ ಸಂಜೆ ಹಲ್ಲಿ ಮಗಳ ಜಡೆಯ ಮೇಲೇ ಬಿತ್ತು. ಪಾಪ, ಅವಳಿಗೆ ಕೂಗಲು ದನಿಯೇ ಹೊರಡಲಿಲ್ಲ. ನನ್ನ ಕೈ ತಾನಾಗಿ ಹೋಗಿ ಅದನ್ನು ಹಿಡಿದು ಆಚೆ ಎಸೆಯಿತು. ಗೆದ್ದೆ! ಕೊಚ್ಚಿಕೊಳ್ಳಲು ಎದುರುಮನೆಗೆ ಓಡಿದೆ. ಬಾಯಿ ತೆರೆಯುವಷ್ಟರಲ್ಲಿ ಆ ತಣ್ಣನೆಯ ಮೆತ್ತಗಿನ ಮೈ ನೆನಪಾಗಿ ಹೊಟ್ಟೆ ತೊಳಸಿತು.

ವಾರಗಿತ್ತಿ ನನ್ನ ಮುಖ ನೋಡಿದವಳೇ ಬೇಸಿನ್ನಿನ ಹತ್ತಿರ ಎಳೆದೊಯ್ದು ಸೋಪು, ಬ್ರಶ್ಶು ಕೈಗಿತ್ತಳು.

"ತಿಕ್ಕಿ ತೊಳೀರಿ. ವಾಂತಿ ಬಂದ್ರ ತಡೀಬ್ಯಾಡ್ರಿ. ನನಗೂ ಪ್ರತಿ ಸಲ ಬರ್ತದ."

"ನಿನಗೂ ಹೇಸಿಗೀನೇ?"

"ಅಯ್ಯ, ಮೈಯೆಲ್ಲಾ ಜುಮ್ ಅಂತದ. ಆದ್ರ ಕೂಸು ಕಾಕೂ ಅಂತ ಓಡಿ ಬಂದ್ರ ಹೆಂಗ ಕೂಡೂದ್ರೀ?" ಮಕ್ಕಳಿಲ್ಲದ ಅವಳು ನನ್ನ ಕೈಗೆ ನೀರು ಬಿಡುತ್ತ ಅಂದಳು, "ಅಕಿ ನಿಮಗ ಅವ್ವಾ ಅಂದಾಗೆಲ್ಲ ನನ್ನ ಹೊಟ್ಟಿ ಎಷ್ಟ್ ಉರೀತದ ಗೊತ್ತೇನ್ರಿ?"

ತನ್ನ ಮನೆಯ ಹಲ್ಲಿಯನ್ನು ಅವಳು ಒಮ್ಮೆಯೂ ಹಿಡಿದಿರಲಿಲ್ಲ. ಅದು ಟ್ಯೂಬ್‌ಲೈಟಿನ ಹಿಂದಿನಿಂದ ಲೊಚಗುಟ್ಟಿತು. ನಾವಿಬ್ಬರೂ ಸೋಪಿನ ಬೆರಳುಗಳಲ್ಲೇ ಬೇಸಿನ್ನಿನ ಅಂಚು ಬಡಿದೆವು.