ಬೊಬ್ರುವಾಡದ ಹತ್ತಿ ಕಡ್ಡಿ

ರೈತರಿಗೆ ಹೊಸ ಬೇಸಾಯ ಕಲಿಸುವ ನೌಕರಿ ನನ್ನದು. ಇದರಲ್ಲಿ ವಾರಕ್ಕೊಂದಾದರೂ ಫಜೀತಿ ಆಗಲೇಬೇಕು. ಅಂಕೋಲೆ ಹತ್ತಿರದ ಬೊಬ್ರುವಾಡದ ಒಂದು ಗದ್ದೆಯಂತೂ ಒಂದೇ ಬೇಸಿಗೆಯಲ್ಲಿ ಮೂರು ಕೊಟ್ಟಿತು.

ಹತ್ತಿ ನಮ್ಮ ಕರಾವಳಿಯ ಬೆಳೆಯಲ್ಲ, ಘಟ್ಟದ ಮೇಲಿನದು. ಆದರೂ ಪ್ರಯೋಗಕ್ಕೆಂದು ಒಬ್ಬ ಅಜ್ಜಿಯ ಬತ್ತದ ಗದ್ದೆಯಲ್ಲಿ ಬೆಳೆಸಿದೆವು. ಹತ್ತಿ ಬಿಡಿಸಿದ ಮೇಲೆ ಉಳಿದ ಕಡ್ಡಿ ಕತ್ತರಿಸಿ, ಮಣ್ಣಿನ ತೇವ ಉಳಿಯಲೆಂದು ಅಲ್ಲೇ ಹಾಸಬೇಕು, ಉಳದೆ ನಡುವೆ ಅಲಸಂದೆ ಬಿತ್ತಬೇಕು. ದೊಡ್ಡ ಸಾಹೇಬರು ಬಂದು ನೋಡಿ ಒಪ್ಪಿದರೆ ನಾನು ಇನ್ನೊಂದು ವರ್ಷ ಅಂಕೋಲೆಯಲ್ಲಿ, ಇಲ್ಲವಾದರೆ ಕಾರವಾರದ ಕಚೇರಿಯಲ್ಲಿ ಕುರ್ಚಿ. ನನಗೆ ಕುರ್ಚಿ ಅಂದರೆ ಆಗುವುದಿಲ್ಲ.

೧. ಹುಷಾರಿಲ್ಲದವರು

ಕಡ್ಡಿ ಹಾಸಿದ ಮರುದಿನವೇ ಪಕ್ಕದ ಗದ್ದೆಯವನು ಟಿಲ್ಲರ್ ತಂದು ನಿಲ್ಲಿಸಿದ. ಅಜ್ಜಿಯನ್ನು ಕರೆದು ದನಿ ತಗ್ಗಿಸಿ, "ಮನೇಲಿ ಯಾರಿಗೆ ಹುಷಾರಿಲ್ಲ ಅಜ್ಜಿ? ಗದ್ದೆ ಹಿಂಗೆ ಬಿಟ್ಟೀರಿ. ನಾ ಉಳ್ದು ಕೊಡ್ತೆ, ದುಡ್ಡು ಬ್ಯಾಡ" ಎಂದ.

"ಎಲ್ಲರೂ ಹುಷಾರಿದ್ದಾರೆ. ಉಳಬ್ಯಾಡಿ ಅಂದವ್ರು ಈ ಸಾಹೇಬ್ರು" ಎಂದು ಅಜ್ಜಿ ನನ್ನತ್ತ ಕೈ ತೋರಿಸಿದಳು.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಂಗಾರೆ ಇವ್ರಿಗೇ ಹುಷಾರಿಲ್ಲ" ಎಂದು ಟಿಲ್ಲರ್ ತಿರುಗಿಸಿಕೊಂಡು ಹೋದ.

೨. ಬೋರ್ಡು

ಬಚ್ಚಲ ಒಲೆ ಇರುವ ಊರಲ್ಲಿ ಒಣ ಕಡ್ಡಿ ಸುಮ್ಮನೆ ಬಿದ್ದಿರುವುದನ್ನು ಯಾರೂ ಸಹಿಸುವುದಿಲ್ಲ. ಆಚೀಚೆಯವರು ಒಂದೊಂದು ಹಿಡಿ ಒಯ್ಯತೊಡಗಿದರು. 'ಈ ಗದ್ದೆಯ ಕಡ್ಡಿ ಮುಟ್ಟಬಾರದು' ಎಂದು ತಗಡಿನ ಮೇಲೆ ಬರೆಸಿ, ಗೂಟ ಹುಗಿದು ನಿಲ್ಲಿಸಿದೆ.

ಎರಡು ದಿನ ಬಿಟ್ಟು ಹೋದರೆ ಕಡ್ಡಿ ಇತ್ತು, ಬೋರ್ಡು ಇರಲಿಲ್ಲ. ಗೂಟ ಹಿಂದಿನ ಮನೆಯ ಹೀರೆ ಚಪ್ಪರಕ್ಕೆ ಹೋಗಿತ್ತು, ತಗಡು ಅವರ ಕೋಳಿಗೂಡಿಗೆ ಬಾಗಿಲಾಗಿತ್ತು. ಆ ಮನೆಯಾಕೆಯನ್ನು ಕೇಳಿದೆ.

"ಕಡ್ಡಿ ಮುಟ್ಟಬ್ಯಾಡಿ ಅಂತ ಬರ್ದಿದ್ರಿ ಸಾಹೇಬ್ರೆ. ನಾವು ಒಂದೂ ಮುಟ್ಲಿಲ್ಲ, ಬೇಕಾದ್ರೆ ನೋಡಿ" ಎಂದಳು.

೩. ಸಾಹೇಬರ ಚಹಾ

"ನಾಳೆ ದೊಡ್ಡ ಸಾಹೇಬರು ಬರುತ್ತಾರೆ. ಗದ್ದೆ ಚೆಂದ ಕಾಣಬೇಕು" ಎಂದು ಅಜ್ಜಿಗೆ ಹೇಳಿ ಬಂದೆ. ಅಷ್ಟು ಹೇಳಿದ್ದೇ ತಪ್ಪಾಯಿತು.

ಸಾಹೇಬರು ಬಂದರು. ಮೊದಲು ಜಗಲಿಯಲ್ಲಿ ಚಹಾ. ಸಾಹೇಬರಿಗೆ ಅದು ಬಹಳ ಹಿಡಿಸಿತು, ಇನ್ನೊಂದು ಲೋಟ ಕೇಳಿ ಕುಡಿದರು. ಆಮೇಲೆ ಗದ್ದೆಗೆ ಹೋದೆವು. ಗದ್ದೆ ಮದುವೆ ಮನೆಯ ಅಂಗಳದಂತೆ ಚೊಕ್ಕವಾಗಿ, ಲಕ್ಷಣವಾಗಿತ್ತು. ಒಂದು ಕಡ್ಡಿಯೂ ಇಲ್ಲ.

"ಕಡ್ಡಿ ಎಲ್ಲಿ?" ಎಂದರು ಸಾಹೇಬರು.

"ನೀವು ಬತ್ತೀರಿ ಅಂತ ಕೇರಿಯವ್ರೆಲ್ಲ ಸೇರಿ ಬಾಚಿದ್ವು" ಎಂದಳು ಅಜ್ಜಿ ಹೆಮ್ಮೆಯಿಂದ. "ಈಗ ಕುಡೀಲಿಲ್ವಾ ಚಾ? ಆ ಕಡ್ಡೀಲೇ ಕಾಸಿದ್ದು."

ನನ್ನ ಕಣ್ಣೆದುರು ಕಾರವಾರದ ಕುರ್ಚಿ ಬಂದು ನಿಂತಿತು. ನನ್ನ ಮುಖ ನೋಡಿದ ಅಜ್ಜಿಗೆ ಉಪಚಾರ ಸಾಲಲಿಲ್ಲವೇನೋ ಅನ್ನಿಸಿರಬೇಕು.

"ಬರೇ ಚಾಕ್ಕೆ ಮುಗೀಲಿಲ್ಲ ಸಾಹೇಬ್ರೆ! ಹಂಡೆ ತುಂಬ ನೀರೂ ಕಾದದೆ. ಮಿಂದ್ಕಂಡೇ ಹೋಗಿ" ಎಂದಳು.

ಸಾಹೇಬರು ಮಿಂದೇ ಹೋದರು. ನನಗೆ ಕುರ್ಚಿ ಬಂತು.